ದಕ್ಷಿಣ ಫುಲ್ ಓಪನ್, ಮೇಡಂ!

ಮೊದಲೇ ಹೇಳಿಬಿಡುತ್ತೇನೆ. ಇದು ಸೋಲಾರ್ ಹಾಕಿಸಿ ಎಂದು ಹೇಳುವ ಪೋಸ್ಟ್ ಅಲ್ಲ, ಹಾಕಿಸಬೇಡಿ ಎನ್ನುವುದೂ ಅಲ್ಲ. ಹೋದ ಚಳಿಗಾಲದಲ್ಲಿ ಒಂದು ಚಿಮಣಿಯ ನೆರಳು ನನ್ನ ತಲೆ ತಿಂದ ಕಥೆ. ಕಾಮೆಂಟಿನಲ್ಲಿ ಬಂದು "ಅಕ್ಕಾ, ನಮ್ಮನೆಗೆ ಎಷ್ಟು ಪ್ಯಾನೆಲ್ ಬೇಕಾಗಬಹುದು" ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. ಅದನ್ನು ಹೇಳಲು ಆಫೀಸಿನಲ್ಲಿ ಸಂಬಳ ಕೊಡುತ್ತಾರೆ. ಇಲ್ಲಿಗೆ ಬಂದಿರುವುದು ಸಿಟ್ಟು ಕಾರಿಕೊಳ್ಳಲು.

ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿರುವ ಒಂದು ಸೋಲಾರ್ ಕಂಪನಿಯಲ್ಲಿ ನನ್ನ ಕೆಲಸ. ಕಾರ್ಡಿನ ಮೇಲೆ ಉದ್ದನೆಯ ಹುದ್ದೆಯ ಹೆಸರಿದೆ, ನಂಬಬೇಡಿ. ಮಾರುವವರು ಒಬ್ಬರು, ಡಿಸೈನ್ ಮಾಡುವವರು ಇನ್ನೊಬ್ಬರು, ಸೂರು ಹತ್ತಿ ಜೋಡಿಸುವವರು ಮತ್ತೊಬ್ಬರು. ಬೈಸಿಕೊಳ್ಳುವವಳು ನಾನು.

ಜೂನ್ ತಿಂಗಳ ಒಂದು ಬೆಳಗ್ಗೆ ಮೆಲ್ಬರ್ನಿನಿಂದ ಫೋನ್ ಬಂತು. ಕಂಪನಿಯ ವೆಬ್‌ಸೈಟಿನಲ್ಲಿ ನನ್ನ ಹೆಸರು ನೋಡಿರಬೇಕು, ಆ ಹೆಂಗಸು ಹಲೋ ಎಂದೂ ಹೇಳಲಿಲ್ಲ.

"ನಿಮಗೆ ಕನ್ನಡ ಬರ್ತದಾ?"

"ಬರ್ತೈತ್ರೀ, ಹೇಳ್ರಿ."

"ಅಯ್ಯೋ, ಹುಬ್ಬಳ್ಳಿ ಕಡೆಯವರಾ! ಆಯ್ತು, ಯಾವ ಕನ್ನಡ ಆದ್ರೂ ಆಯ್ತು. ಬೈಲಿಕ್ಕೆ ನನಗೆ ಇಂಗ್ಲಿಷ್ ಸಾಕಾಗುದಿಲ್ಲ ಮಾರಾಯ್ರೆ."

ಬೈದರು. ಚೆನ್ನಾಗಿಯೇ ಬೈದರು. ನಡುನಡುವೆ ಕೊಂಕಣಿಯಲ್ಲೂ ಏನೋ ಬಂತು, ಅದರ ಅರ್ಥ ನಾನು ಕೇಳಲಿಲ್ಲ.

ವಿಷಯ ಇಷ್ಟು. ಅವರು ಮಂಗಳೂರಿನವರು, ಕ್ರಿಶ್ಚಿಯನ್ ಮನೆತನ. ಮೆಲ್ಬರ್ನಿಗೆ ಬಂದ ಮೇಲೆ ಬಹಳ ವರ್ಷ ಏಜ್ಡ್ ಕೇರಿನಲ್ಲಿ, ಅಂದರೆ ವೃದ್ಧರನ್ನು ನೋಡಿಕೊಳ್ಳುವ ಕಡೆ, ಶಿಫ್ಟ್ ಲೆಕ್ಕದಲ್ಲಿ ದುಡಿದರು. ಬೆನ್ನು ಹೋಯಿತು. ಕೆಲಸ ಬಿಟ್ಟು ಊರಂಚಿನ ಡ್ಯಾಂಡಿನಾಂಗಿನ ಫ್ಯಾಕ್ಟರಿ ಸಾಲಿನಲ್ಲಿ ಒಂದು ಶೆಡ್ ಲೀಸಿಗೆ ಹಿಡಿದು, ದೋಸೆಹಿಟ್ಟು, ಸಣ್ಣದ ಹಿಟ್ಟು ಮಾಡಿ ಇಂಡಿಯನ್ ಅಂಗಡಿಗಳಿಗೆ ಕೊಡತೊಡಗಿದರು. ಸಣ್ಣ ಅಂದರೆ ಅವರ ಕಡೆಯ ಹಬೆಯ ರೊಟ್ಟಿ. ಇಡ್ಲಿಯ ಅಕ್ಕ ಅನ್ನಿ.

ಮಂಗಳೂರಿನಲ್ಲಿ ರಾತ್ರಿ ಅರೆದಿಟ್ಟರೆ ಬೆಳಗ್ಗೆ ಹಿಟ್ಟು ತಾನಾಗಿ ಉಬ್ಬಿರುತ್ತದೆ. ಮೆಲ್ಬರ್ನಿನ ಚಳಿಯಲ್ಲಿ ಇಟ್ಟ ಹಿಟ್ಟು ಇಟ್ಟ ಹಾಗೇ, ಮುನಿಸಿಕೊಂಡ ಅಳಿಯನಂತೆ ಕೂತಿರುತ್ತದೆ. ಅದಕ್ಕೊಂದು ಬೆಚ್ಚನೆಯ ಕೋಣೆ ಬೇಕು. ನಮ್ಮ ಕಂಪನಿಯ ಸೇಲ್ಸ್ ಹುಡುಗ ಹೋಗಿ ಒಂದು ಉಪಾಯ ಹೇಳಿದ್ದ: ರಾತ್ರಿಯ ಬದಲು ಹಗಲಲ್ಲಿ ಹುಳಿ ಬರಿಸಿ, ಹೀಟರಿಗೆ ಸೋಲಾರ್ ಕರೆಂಟು ಕೊಡೋಣ. ಒಂದು ರಿಲೇ ಹಾಕಿದರೆ, ಸೂರಿನ ಕರೆಂಟು ಸಾಕಷ್ಟು ಇದ್ದಾಗ ಹೀಟರ್ ತಾನೇ ಆನ್, ಕಡಿಮೆಯಾದರೆ ತಾನೇ ಆಫ್. ಉಪಾಯ ತಪ್ಪೇನಲ್ಲ. ಅದನ್ನು ನಂಬಿ ಆಕೆ ತನ್ನ ದಿನವನ್ನೇ ತಿರುವಿ ಹಾಕಿದರು. ಸಂಜೆ ನೆನೆಹಾಕುವುದು, ನಸುಕಿನಲ್ಲಿ ಅರೆಯುವುದು, ಹಗಲಲ್ಲಿ ಉಬ್ಬಿಸುವುದು.

ಜನವರಿಯಲ್ಲಿ ಚಾಲೂ ಆಯಿತು. ಇಲ್ಲಿ ಅದು ಬೇಸಿಗೆ, ಸುಗಮವಾಗಿ ಹೋಯಿತು. ಈಸ್ಟರ್ ದಾಟಿದ ಮೇಲೆ ಹಿಟ್ಟು ಸೊರಗತೊಡಗಿತು. ಜೂನಿಗೆ ಅಂಗಡಿಯವರು ಡಬ್ಬಿ ವಾಪಸ್ ಕಳಿಸತೊಡಗಿದರು.

"ಹೀಟರ್ ಟಕ್ ಅಂತ ಆನ್ ಆಗ್ತದೆ. ಸ್ವಲ್ಪ ಹೊತ್ತು ಆಗ್ಲಿಕ್ಕಿಲ್ಲ, ಟಕ್ ಅಂತ ಆಫ್. ಹೊರಗೆ ಕಣ್ಣು ಕುಕ್ಕುವ ಬಿಸಿಲು ಉಂಟು, ಒಳಗೆ ಹೀಟರ್ ಆಫ್! ಎಂತ ಇದು?"

"ಸದ್ಯಕ್ಕ ಗ್ರಿಡ್ ಕರೆಂಟಿನ್ಯಾಗ ಹೀಟರ್ ಹಚ್ಚಿ ಬಿಡ್ರಿ ಅಕ್ಕಾರ."

"ಬಿಡಬಹುದು. ಆ ಬಿಲ್ಲಿಗೇ ಹಿಟ್ಟಿನ ಲಾಭ ಎಲ್ಲ ಹೋಗ್ತದೆ. ಮತ್ತೆ ನಿಮ್ಮ ಪ್ಯಾನೆಲ್ ಎಂತಕ್ಕೆ, ಬಟ್ಟೆ ಒಣಗಿಸ್ಲಿಕ್ಕಾ?"

ಕೊನೆಗೆ ದನಿ ತಗ್ಗಿಸಿ ಅವರು ಹೇಳಿದ್ದು ಮಾತ್ರ ಕಿವಿಯಲ್ಲಿ ಕೂತಿತು. "ಲೀಸ್ ಮುಂದುವರಿಸುದಾ ಬೇಡವಾ ಅಂತ ಜುಲೈ ಒಳಗೆ ಹೇಳ್ಬೇಕು. ಏಜ್ಡ್ ಕೇರಿನವರು ವಾಪಸ್ ಬನ್ನಿ ಅಂತ ಫೋನ್ ಮಾಡ್ತಾ ಇದ್ದಾರೆ. ಈ ಬೆನ್ನು ಇಟ್ಕೊಂಡು ಪುನಃ ಅಲ್ಲಿ ಜನರನ್ನು ಎತ್ತಿ ಕೂರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಆದ್ರೆ ಹಿಟ್ಟು ಉಬ್ಬದಿದ್ರೆ ಹೋಗ್ಲೇಬೇಕು."

ಅವರ ಸೂರಿನಿಂದ ಯಾವ ಹೊತ್ತಿಗೆ ಎಷ್ಟು ಕರೆಂಟು ಬಂತೆಂಬ ಗ್ರಾಫ್ ತೆರೆದು ನೋಡಿದೆ. ಮೋಡವಿಲ್ಲದ ದಿನದ ಗ್ರಾಫ್ ಇಡ್ಲಿಯನ್ನು ಅಡ್ಡಕ್ಕೆ ಕೊಯ್ದ ಹಾಗಿರಬೇಕು: ಮೆಲ್ಲಗೆ ಏರಿ, ನಡುವೆ ದಪ್ಪವಾಗಿ, ಮೆಲ್ಲಗೆ ಇಳಿಯಬೇಕು. ಜನವರಿಯಲ್ಲಿ ಹಾಗೇ ಇತ್ತು. ಜೂನಿನದು ಹಲ್ಲು ಮುರಿದ ಬಾಚಣಿಗೆ. ಏರುವುದು, ಕುಸಿಯುವುದು, ಮತ್ತೆ ಏರುವುದು. ಮೋಡವಾದರೆ ಕುಸಿತ ದಿನಕ್ಕೊಂದು ಹೊತ್ತಿಗೆ ಬರುತ್ತದೆ. ಇಲ್ಲಿ ಪ್ರತಿ ಬಿಸಿಲಿನ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಹಲ್ಲು ಮುರಿದಿತ್ತು. ಇದು ನೆರಳಿನ ಕೆಲಸ, ಸೂರಿನ ಸುತ್ತ ಏನೋ ನಿಂತಿದೆ.

ಫೈಲ್ ತೆಗೆದೆ. ನೆರಳಿನ ಖಾನೆಯಲ್ಲಿ "ಇಲ್ಲ" ಎಂದಿತ್ತು.

ಮ್ಯಾನೇಜರ್ ಹತ್ತಿರ ಹೋದೆ. ಆತ ಸಿಡ್ನಿಯಲ್ಲೇ ಹುಟ್ಟಿದವನು. ಆಡುವುದು ಇಂಗ್ಲಿಷ್, ನಾನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ವಿಂಟರ್," ಎಂದ. ಸ್ಕ್ರೀನಿನಿಂದ ಕಣ್ಣು ಎತ್ತಲಿಲ್ಲ.

"ವಿಂಟರಿನಲ್ಲಿ ಕಡಿಮೆಯಾಗುವುದು ಬೇರೆ. ಇದನ್ನು ಯಾರೋ ಕಚ್ಚಿ ತಿಂದಿದ್ದಾರೆ, ನೋಡು."

"ಪ್ಯಾನೆಲ್ ತೊಳೆಸಿದ್ದಾರಾ ಕೇಳು."

ಕೇಳಿದೆ. ಕೇಳಬಾರದಿತ್ತು. "ಮೆಲ್ಬರ್ನಿನಲ್ಲಿ ವಾರವಿಡೀ ಮಳೆ ಮಾರಾಯ್ರೆ. ದೇವರೇ ತೊಳಿತಾ ಇದ್ದಾನೆ, ನೀವು ಸೋಪ್ ಕಳಿಸಿ."

ಸಿಡ್ನಿಯಲ್ಲಿ ಕೂತೇ ಮಾಡಬಹುದಾದ ಒಂದು ಕೆಲಸ ಉಳಿದಿತ್ತು. ಪ್ಯಾನೆಲ್‌ಗಳ ಕರೆಂಟನ್ನು ಬಳಸುವ ಹಾಗೆ ಮಾಡಿಕೊಡುವ ಪೆಟ್ಟಿಗೆಗೆ ಇನ್ವರ್ಟರ್ ಎನ್ನುತ್ತಾರೆ. ನೆರಳು ಬಿದ್ದಾಗ ಎಲ್ಲಿ ಹೆಚ್ಚು ಕರೆಂಟು ಸಿಗುತ್ತದೆಂದು ಹುಡುಕುವ ಒಂದು ಸೆಟ್ಟಿಂಗ್ ಅದರಲ್ಲಿ ಇರುತ್ತದೆ. ನೋಡಿದರೆ ಆಫ್ ಆಗಿತ್ತು. ಹಾಕಿದವರು ಮುಟ್ಟಿಯೇ ಇಲ್ಲ. ದೂರದಿಂದಲೇ ಆನ್ ಮಾಡಿ ಹೆಮ್ಮೆಯಿಂದ ಫೋನ್ ಮಾಡಿದೆ. "ಟಕ್ ಟಕ್ ಸ್ವಲ್ಪ ಕಡಿಮೆ ಆಗಿದೆ," ಎಂದರು. "ಹಿಟ್ಟು ಹಾಗೇ ಉಂಟು."

ಮ್ಯಾನೇಜರನ್ನು ಕಾಡಿ ಬೇಡಿ ಮೆಲ್ಬರ್ನಿಗೆ ಹೊರಟೆ. ಒಂದೇ ದಿನ, ಎಂದ. ನೆರಳು ನೋಡಲು ಒಂದು ದಿನ ಸಾಕು ಎಂದುಕೊಂಡೆ.

ಮೆಲ್ಬರ್ನಿನಲ್ಲಿ ಇಳಿದರೆ ಬಿಸಿಲೇ ಇಲ್ಲ! ಆಕಾಶ ಅಲ್ಯೂಮಿನಿಯಂ ಪಾತ್ರೆಯ ತಳದ ಹಾಗೆ. ಎಲ್ಲೂ ಯಾವುದರ ನೆರಳೂ ಇಲ್ಲ. ನನ್ನದೇ ನೆರಳೂ ಇರಲಿಲ್ಲ. ನೆರಳು ಹುಡುಕಿಕೊಂಡು ವಿಮಾನ ಹತ್ತಿ ಬಂದವಳು ಡ್ಯಾಂಡಿನಾಂಗಿನ ಒಂದು ಶೆಡ್ಡಿನ ಮುಂದೆ ಆಕಾಶ ನೋಡುತ್ತ ನಿಂತಿದ್ದೆ.

"ಬನ್ನಿ ಒಳಗೆ," ಎಂದರು ಆಕೆ. ತಲೆಗೆ ಬಲೆಯ ಟೋಪಿ, ಕಾಲಿಗೆ ಗಂಬೂಟು, ಸೊಂಟಕ್ಕೆ ಬೆನ್ನುನೋವಿನ ಬೆಲ್ಟು. "ಬಿಸಿಲು ತರ್ತೀರಿ ಅಂತ ಕಾದು ಕೂತೆ. ಮಳೆ ತಂದ್ರಿ."

"ಸಿಡ್ನಿಯಾಗ ಬಿಸಿಲಿತ್ರೀ. ಬ್ಯಾಗಿನ್ಯಾಗ ಹಿಡಿಸಲಿಲ್ಲ."

ಅವರು ನಕ್ಕರು. ಆಮೇಲೆ ನನ್ನನ್ನು ಬೆಚ್ಚನೆಯ ಕೋಣೆಗೆ ಕರೆದುಕೊಂಡು ಹೋದರು. ಬೆಚ್ಚಗಿರಲಿಲ್ಲ. ದೊಡ್ಡ ದೊಡ್ಡ ಬಕೆಟ್ಟುಗಳಲ್ಲಿ ಹಿಟ್ಟು, ಪಕ್ಕದ ಕಪಾಟಿನಲ್ಲಿ ಒಂದು ಉಪ್ಪಿನಕಾಯಿ ಭರಣಿ. ಗಾಜಿನದು. ಅದರಲ್ಲೂ ಹಿಟ್ಟು, ಹೊರಗೆ ಒಂದು ರಬ್ಬರ್ ಬ್ಯಾಂಡ್.

"ಬೆಳಗ್ಗೆ ಹಾಕಿದಾಗ ಹಿಟ್ಟು ಎಲ್ಲಿ ಇರ್ತದೋ ಅಲ್ಲಿ ರಬ್ಬರ್ ಹಾಕುದು. ಮಧ್ಯಾಹ್ನಕ್ಕೆ ಅದರ ಎರಡರಷ್ಟು ಮೇಲೆ ಬರ್ಬೇಕು. ನಿಮ್ಮ ಆ್ಯಪಿನ ಗ್ರಾಫ್ ನನಗೆ ಬೇಡ. ನನ್ನ ಗ್ರಾಫ್ ಇದು."

ಹಿಟ್ಟು ರಬ್ಬರಿಗಿಂತ ಬೆರಳಗಲ ಮೇಲಿತ್ತು, ಅಷ್ಟೇ.

ಮಳೆಯಲ್ಲಿ ಸೂರು ಹತ್ತುವಂತಿಲ್ಲ. ಇನ್ವರ್ಟರನ್ನಾದರೂ ನೋಡೋಣವೆಂದು ಗೋಡೆಯ ಹತ್ತಿರ ಹೋಗಿ ಬಗ್ಗಿದೆ. ನೋಡಿದ್ದೇ ನನ್ನ ತಲೆ ಕೆಟ್ಟಿತು.

ಇಲ್ಲಿ ಸ್ವಲ್ಪ ತಾಂತ್ರಿಕ ಮಾತು. ಓಡಬೇಡಿ, ಸುಲಭವಾಗಿದೆ. ಪ್ಯಾನೆಲ್‌ಗಳನ್ನು ಒಂದರ ಬಾಲ ಇನ್ನೊಂದರ ಮೂತಿಗೆ ಸಿಕ್ಕಿಸಿ ಸರ ಮಾಡುತ್ತಾರೆ. ಆ ಸರಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅದನ್ನು ಒಂದು ಏಣಿ ಅಂದುಕೊಳ್ಳಿ. ಒಂದೊಂದು ಪ್ಯಾನೆಲ್ ಒಂದೊಂದು ಮೆಟ್ಟಿಲು, ಮೆಟ್ಟಿಲು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಅದರೊಳಗಿನ ಡಯೋಡ್ ಕರೆಂಟನ್ನು ಪಕ್ಕದ ದಾರಿಯಲ್ಲಿ ಸಾಗಹಾಕುತ್ತದೆ. ಏಣಿ ಒಂದು ಮೆಟ್ಟಿಲು ಗಿಡ್ಡವಾಗುತ್ತದೆ. ಏಣಿ ಒಂದೇ ಆದರೆ ದೊಡ್ಡ ನಷ್ಟವಿಲ್ಲ.

ಇಲ್ಲಿ ಏಣಿ ಎರಡಿದ್ದವು. ಎರಡನ್ನೂ ಇನ್ವರ್ಟರಿನ ಒಂದೇ ಬಾಗಿಲಿಗೆ ಜೋಡಿಸಿದ್ದರು. ಬಣ್ಣ ಹೊಡೆಯುವವರು ಎರಡು ಏಣಿಗಳ ಮೇಲೆ ಒಂದು ಹಲಗೆ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಒಂದು ಏಣಿ ಗಿಡ್ಡವಾದರೆ ಹಲಗೆಯನ್ನು ಎಲ್ಲಿ ಇಡುವುದು? ಗಿಡ್ಡ ಏಣಿಯ ಮಟ್ಟಕ್ಕೆ ಇಳಿಸಿದರೆ ಉದ್ದದ ಏಣಿಯ ಶಕ್ತಿ ದಂಡ. ಉದ್ದದ ಏಣಿಯ ಮಟ್ಟಕ್ಕೆ ಇಟ್ಟರೆ ಗಿಡ್ಡದ್ದು ಭಾರವನ್ನೇ ಹೊರುವುದಿಲ್ಲ. ಇನ್ವರ್ಟರ್ ಪಾಪ ಇಡೀ ದಿನ ಹಲಗೆಯನ್ನು ಮೇಲೆ ಕೆಳಗೆ ಮಾಡುತ್ತಿತ್ತು. ಆ ಏರಿಳಿತಕ್ಕೇ ರಿಲೇ ಟಕ್ ಟಕ್.

ತಲೆ ಕೆಡಿಸಿದ್ದು ಇದಲ್ಲ. ಆ ಇನ್ವರ್ಟರಿಗೆ ಎರಡನೆಯ ಬಾಗಿಲೂ ಇತ್ತು. ಎರಡು ಏಣಿಗಳನ್ನು ಬೇರೆ ಬೇರೆಯಾಗಿ ನೋಡಿಕೊಳ್ಳಲೆಂದೇ ಇರುವ ಬಾಗಿಲು. ಅದರ ಬಾಯಿಗೆ ಫ್ಯಾಕ್ಟರಿಯಲ್ಲಿ ಹಾಕಿದ ರಬ್ಬರ್ ಮುಚ್ಚಳ ಹಾಗೆಯೇ ಇತ್ತು. ಯಾರೂ ತೆಗೆದಿರಲಿಲ್ಲ.

"ಎಂತ ಆಯ್ತು?"

"ಎರಡು ಬಾಗಿಲದ ಮನಿ ಅಕ್ಕಾರ. ಎಲ್ಲಾರೂ ಒಂದ ಬಾಗಿಲದಾಗ ತೂರಾಕ ಹತ್ಯಾರ."

"ನಮ್ಮೂರ ಬಸ್ಸಿಗೆ ಜನ ನುಗ್ಗಿದ ಹಾಗೆ."

ವಾಪಸ್ ಹೋಗಬೇಕಿದ್ದ ವಿಮಾನ ಬಿಟ್ಟೆ. ಮ್ಯಾನೇಜರಿಗೆ ಮೆಸೇಜ್ ಹಾಕಿದೆ, ಉತ್ತರ ಬರಲಿಲ್ಲ. ಮರುದಿನ ದೇವರು ಕಣ್ಣು ಬಿಟ್ಟ. ಚಳಿ ಹಲ್ಲು ಕಡಿಸುವಷ್ಟಿತ್ತು, ಆದರೆ ಆಕಾಶ ತೊಳೆದಿಟ್ಟ ತಟ್ಟೆ.

ಸೊಂಟಕ್ಕೆ ಹಾರ್ನೆಸ್ ಕಟ್ಟಿ ಸೂರು ಹತ್ತಿದೆ. ತಗಡಿನ ಸೂರು, ಹೆಚ್ಚು ಇಳಿಜಾರಿಲ್ಲ. ಮೂರು ಸಾಲು ಪ್ಯಾನೆಲ್, ಉತ್ತರಕ್ಕೆ ಮುಖ ಮಾಡಿ ಚೌಕಟ್ಟಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಅದು ಸರಿಯೇ. ಇದು ಭೂಮಿಯ ಕೆಳಗಿನ ಅರ್ಧ, ಇಲ್ಲಿ ಸೂರ್ಯ ಉತ್ತರದ ಕಡೆ ಹಾದು ಹೋಗುತ್ತಾನೆ. ನಾನೂ ಉತ್ತರಕ್ಕೆ ಮುಖ ಮಾಡಿ ನಿಂತೆ.

ಎದುರಿಗೇ ಪಕ್ಕದ ಶೆಡ್. ಅಪಘಾತವಾದ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು. ಅದರ ಗೋಡೆ ನಮ್ಮ ಸೂರಿಗಿಂತ ಎತ್ತರ, ಆ ಗೋಡೆಯ ಹಿಂದಿನಿಂದ ಮೇಲೆದ್ದ ದಪ್ಪನೆಯ ಹೊಗೆ ಚಿಮಣಿ. ಅದನ್ನು ನೋಡದಿರಬೇಕಾದರೆ ಕಣ್ಣು ಕಟ್ಟಿಕೊಂಡೇ ಬರಬೇಕು. ಡಿಸೈನ್ ಮಾಡುವವರು ಮೇಲಿನಿಂದ ತೆಗೆದ ಚಿತ್ರ ನೋಡಿ ಗೆರೆ ಎಳೆಯುತ್ತಾರೆ, ಅವರಿಗೆ ಚಿಮಣಿ ಒಂದು ಚುಕ್ಕಿ. ಆದರೆ ಸೂರಿನ ಮೇಲೆ ಬಂದು ನಿಂತವನಿಗೆ?

ಡಿಸೆಂಬರಿನಲ್ಲಿ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಹತ್ತಿರ ಇರುತ್ತಾನೆ, ಗೋಡೆಯ ನೆರಳು ಗೋಡೆಯ ಬುಡದಲ್ಲೇ ಬೀಳುತ್ತದೆ. ಜೂನಿನಲ್ಲಿ ಕೆಳಗೆ ಬಂದು ಗೋಡೆಯ ತಲೆಯ ಮೇಲಿಂದ ಇಣುಕುತ್ತಾನೆ. ಗೋಡೆಯ ನೆರಳು ಮುಂದಿನ ಸಾಲಿನ ಪ್ರತಿ ಪ್ಯಾನೆಲಿನ ಕೆಳಗಿನ ಅರ್ಧವನ್ನು ಚಾದರದಂತೆ ಮುಚ್ಚಿತ್ತು. ಚಿಮಣಿಯ ನೆರಳು ಉದ್ದನೆಯ ಬೆರಳಾಗಿ ಹಿಂದಿನ ಸಾಲಿನವರೆಗೂ ಚಾಚಿತ್ತು. ಅದು ಪಶ್ಚಿಮದ ಕಡೆಯಿಂದ ಒಂದೊಂದೇ ಪ್ಯಾನೆಲ್ ಮುಟ್ಟುತ್ತ ಪೂರ್ವಕ್ಕೆ ಸರಿಯುತ್ತಿತ್ತು.

"ಅಕ್ಕಾರ, ರಿಲೇ ಮುಂದ ನಿಂದ್ರಿ! ಸಪ್ಪಳಾದ್ರ ಕೂಗ್ರಿ!"

ಬೆರಳು ಒಂದು ಪ್ಯಾನೆಲ್ ದಾಟಿ ಇನ್ನೊಂದರ ಅಂಚು ಹತ್ತಿತು.

"ಟಕ್ ಅಂತು!" ಕೆಳಗಿನಿಂದ ಕೂಗು.

ಸ್ವಲ್ಪ ಹೊತ್ತಿಗೆ ಅದು ಆ ಪ್ಯಾನೆಲಿನಿಂದಲೂ ಇಳಿಯಿತು.

"ಪುನಃ ಟಕ್!"

ಹೀಗೆ ನಾನು ಮೇಲೆ, ಅವರು ಕೆಳಗೆ. ಯಾವ ಪ್ಯಾನೆಲಿಗೆ ಯಾವ ಟಕ್ ಎಂದು ಮಧ್ಯಾಹ್ನದವರೆಗೆ ನೋಡಿದೆವು. ಪ್ಯಾನೆಲ್‌ಗಳ ಕೆಳಗೆ ಬಗ್ಗಿ ಕೇಬಲ್ ಹಿಂಬಾಲಿಸಿದಾಗ ಉಳಿದದ್ದೂ ತಿಳಿಯಿತು. ಕೇಬಲ್ ಉಳಿಸಲು ಸರಗಳನ್ನು ಅಂಕುಡೊಂಕಾಗಿ ಹೆಣೆದಿದ್ದರು. ಮುಂದಿನ ಸಾಲಿನ ಅರ್ಧ ಈ ಸ್ಟ್ರಿಂಗಿಗೆ, ಇನ್ನರ್ಧ ಆ ಸ್ಟ್ರಿಂಗಿಗೆ. ಗೋಡೆಯ ಚಾದರ ಎರಡೂ ಏಣಿಗಳನ್ನು ಒಟ್ಟಿಗೆ ಕುಂಟಾಗಿಸುತ್ತಿತ್ತು, ಚಿಮಣಿಯ ಬೆರಳು ಆಗ ಇದನ್ನು, ಈಗ ಅದನ್ನು ಇನ್ನಷ್ಟು ಗಿಡ್ಡ ಮಾಡುತ್ತಿತ್ತು. ಕೆಟ್ಟದಾಗಿ ಮಾಡಬೇಕೆಂದು ಹಟ ತೊಟ್ಟರೂ ಇಷ್ಟು ಅಚ್ಚುಕಟ್ಟಾಗಿ ಮಾಡುವುದು ಕಷ್ಟ.

ಸಂಜೆಗೆ ಮೆಲ್ಬರ್ನ್ ನಗರದ ನಡುವಿನ ಡಾಕ್‌ಲ್ಯಾಂಡ್ಸಿಗೆ ಹೋದೆ. ಸೇಲ್ಸ್ ಹುಡುಗ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುತ್ತಾನೆ. ಬೆಂಗಳೂರಿನವನು, ಇಲ್ಲಿ ಮಾಸ್ಟರ್ಸ್ ಮುಗಿಸಿ ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ತೆಗೆದುಕೊಂಡವನು. ಹುಡುಗ ಅನ್ನುತ್ತೇನೆ, ಎರಡು ಮಕ್ಕಳ ತಂದೆ. ಟ್ರಾಮ್ ಸ್ಟಾಪಿನ ಎದುರಿನ ಕೆಫೆಗೆ ನಗುತ್ತಲೇ ಬಂದ.

"ಏನ್ ಮೇಡಂ, ಹೇಳ್ದೇ ಕೇಳ್ದೇ ಬಂದ್ಬಿಟ್ರಿ! ಮನೆಗೇ ಬರ್ಬಹುದಿತ್ತು."

"ಡ್ಯಾಂಡಿನಾಂಗಿನ ಶೆಡ್ ಸರ್ವೇ ನೀನ ಮಾಡಿದ್ದಿ?"

"ನಾನೇ ಮಾಡಿದ್ದು. ಸೂಪರ್ ಸೈಟ್ ಮೇಡಂ. ಫೋಟೋ ಎಲ್ಲಾ ಹಾಕಿದೀನಲ್ಲ."

ಫೋಟೋ ತೋರಿಸಿದ. ನಾಲ್ಕೈದು ಇದ್ದವು. ಎಲ್ಲದರಲ್ಲೂ ಬರೀ ಆಕಾಶ, ದೂರದಲ್ಲಿ ಒಂದು ರಸ್ತೆ, ನೆಟ್ಟಗೆ ಹೋಗುವ ರೈಲು ಹಳಿ. ಚಿಮಣಿ ಒಂದರಲ್ಲೂ ಇಲ್ಲ.

"ಇದು ಯಾವ ದಿಕ್ಕೋ ತಮ್ಮಾ?"

"ಸೌತ್. ದಕ್ಷಿಣ ಫುಲ್ ಓಪನ್, ಮೇಡಂ! ಒಂದು ಮರ ಇಲ್ಲ."

ನಾನು ಕಾಫಿ ಕೆಳಗಿಟ್ಟೆ. "ದಕ್ಷಿಣಕ್ಕ ಯಾಕ ನೋಡಿದಿ?"

"ಫಸ್ಟ್ ಅದನ್ನೇ ಅಲ್ವಾ ನೋಡೋದು? ಬೆಂಗಳೂರಲ್ಲಿ ನಾನು ಸೋಲಾರ್ ವಾಟರ್ ಹೀಟರ್ ಮಾರ್ತಿದ್ದೆ. ಟೆರೇಸ್ ಮೇಲೆ ಹೋಗ್ತಿದ್ದಂಗೆ ದಕ್ಷಿಣ ಓಪನ್ ಇದ್ಯಾ ನೋಡು, ಇದ್ರೆ ಡೀಲ್ ಕ್ಲೋಸ್ ಮಾಡು ಅಂತಾನೇ..."

ಮಾತು ಅಲ್ಲೇ ನಿಂತಿತು. ಆದರೂ ನಾನು ಬಿಡಲಿಲ್ಲ. ಸಿಟ್ಟು ಬಂದಾಗ ನಾನು ಬಿಡುವವಳಲ್ಲ.

"ಚಾಲೂ ಮಾಡಿದ್ದು ಯಾವಾಗ?"

"ಸಂಕ್ರಾಂತಿ ದಿನ. ನಾನೇ ಹೇಳ್ದೆ ಆಂಟಿಗೆ. ನೀವು ಕ್ರಿಶ್ಚಿಯನ್ಸ್ ಇರ್ಬಹುದು ಆಂಟಿ, ಆದ್ರೂ ಉತ್ತರಾಯಣ ಶುರು, ಇನ್ಮೇಲೆ ಬೆಳಕು ಜಾಸ್ತಿ ಆಗ್ತಾ ಹೋಗುತ್ತೆ, ಒಳ್ಳೇದು ಅಂತ."

"ಉತ್ತರಾಯಣ ಅಂದ್ರೇನು?"

"ಅಂದ್ರೆ ಮೇಡಂ... ಸೂರ್ಯ ಉತ್ತರದ ಕಡೆ ಹೋಗೋದು."

"ಉತ್ತರಕ್ಕ ಹೋಗೋದು. ಅಂದ್ರ ನಮ್ಮ ಊರಿಗೆ ಹತ್ತಿರ ಬರೋದು, ಈ ಊರು ಬಿಟ್ಟು ಹೋಗೋದು. ಹೋಗ್ತಾ ಹೋಗ್ತಾ ಉತ್ತರದಾಗ ಕೆಳಗ ಇಳಿಯೋದು. ಆ ಉತ್ತರದಾಗ ನಿಂತೈತಿ ಚಿಮಣಿ. ನೀ ಅದಕ್ಕ ಬೆನ್ನು ಹಚ್ಚಿ ನಿಂತು ದಕ್ಷಿಣದ ಫೋಟೋ ತಗದಿ."

ಅವನು ತನ್ನ ಫೋಟೋಗಳನ್ನೇ ಮತ್ತೆ ಮತ್ತೆ ಸರಿಸಿ ನೋಡಿದ. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಆಯ್ತು ಮೇಡಂ ಬಂದು. ವಿಂಟರ್ ಜೂನಲ್ಲಿ ಅಂತ ಗೊತ್ತು. ಆದ್ರೆ ಟೆರೇಸ್ ಹತ್ತಿದ ತಕ್ಷಣ ಕಾಲು ತಾನೇ ಆ ಕಡೆ ತಿರುಗುತ್ತೆ," ಎಂದ.

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ನನ್ನ ಕಾಲೂ ಎಷ್ಟೋ ಕಡೆ ಹುಬ್ಬಳ್ಳಿಯ ಕಡೆಗೇ ತಿರುಗುತ್ತದೆ. ಉಳಿದರ್ಧ ಸಿಟ್ಟು ಇಳಿಯಲಿಲ್ಲ, ಯಾಕೆಂದರೆ ಬರೀ ದಕ್ಷಿಣದ ಫೋಟೋ ಇದ್ದ ಆ ಫೈಲನ್ನು ನೋಡಿ ಸೈ ಎಂದವರು ಸಿಡ್ನಿಯಲ್ಲಿ ಒಬ್ಬರಲ್ಲ, ಮೂವರು. ಒಬ್ಬನಿಗೂ ಕೇಳಬೇಕು ಅನ್ನಿಸಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಫೋನ್. ಸೂರಿನಿಂದ ಇಳಿದ ಮೇಲೆ ನಾನು ಕಳಿಸಿದ್ದ ಮೆಸೇಜ್ ಓದಿದ್ದ.

"ನೆರಳು ಅಂತ ಗೊತ್ತಾಯಿತಲ್ಲ, ಒಳ್ಳೆಯದು. ಆಪ್ಟಿಮೈಸರ್ ಹಾಕೋಣ. ಎಲ್ಲ ಪ್ಯಾನೆಲಿಗೂ. ಅವರಿಗೆ ಕೊಟೇಶನ್ ಕಳಿಸು."

ಆಪ್ಟಿಮೈಸರ್ ಅಂದರೆ ಪ್ರತಿ ಪ್ಯಾನೆಲಿನ ಬೆನ್ನಿಗೆ ಕಟ್ಟುವ ಸಣ್ಣ ಡಬ್ಬಿ. ಒಂದರ ನೆರಳು ಇನ್ನೊಂದಕ್ಕೆ ತಗುಲದ ಹಾಗೆ ನೋಡಿಕೊಳ್ಳುತ್ತದೆ. ಕೆಟ್ಟ ವಸ್ತುವಲ್ಲ. ಅಂಕುಡೊಂಕು ಸೂರಿಗೆ ನಾನೇ ಬರೆದುಕೊಟ್ಟಿದ್ದೇನೆ. ಆದರೆ ಇಲ್ಲಿ ಅದು ಬೇಕಾಗಿಲ್ಲ. ಸರ ಬಿಚ್ಚಿ ಬೇರೆ ಥರ ಕಟ್ಟಿದರೆ ಸಾಕು. ಮುಂದಿನ ಸಾಲು ಒಂದು ಸ್ಟ್ರಿಂಗ್, ಎರಡನೆಯ ಬಾಗಿಲಿಗೆ. ಹಿಂದಿನ ಎರಡೂ ಸಾಲು ಸೇರಿ ಒಂದೇ ಉದ್ದ ಸ್ಟ್ರಿಂಗ್, ಮೊದಲ ಬಾಗಿಲಿಗೆ. ಚಳಿಗಾಲದಲ್ಲಿ ಮುಂದಿನ ಸಾಲು ಮಂಕಾಗಿರಲಿ, ಪರವಾಗಿಲ್ಲ, ಹಿಂದಿನವರನ್ನು ಎಳೆಯದಿದ್ದರೆ ಸಾಕು. ಚಿಮಣಿಯ ಬೆರಳು ಹಿಂದಿನ ಸಾಲಿನ ಒಂದು ಪ್ಯಾನೆಲ್ ಮುಟ್ಟಿದರೆ ಉದ್ದದ ಏಣಿ ಒಂದು ಮೆಟ್ಟಿಲು ಗಿಡ್ಡ, ಅಷ್ಟೇ. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಏಣಿ ಇಲ್ಲ, ಹಲಗೆ ಹೊಯ್ದಾಡುವುದಿಲ್ಲ. ಇದನ್ನೇ ಅವನಿಗೂ ಹೇಳಿದೆ.

"ಅದು ನಮ್ಮ ಖರ್ಚಾಗುತ್ತದೆ," ಎಂದ ಮ್ಯಾನೇಜರ್. "ಡಿಸೈನ್ ತಪ್ಪು ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ. ಆಪ್ಟಿಮೈಸರ್ ಆದರೆ ಅಪ್‌ಗ್ರೇಡ್."

"ಡಿಸೈನ್ ತಪ್ಪೇ ಅಲ್ಲವಾ?"

"ಆ ಪದ ಬರವಣಿಗೆಯಲ್ಲಿ ಬೇಡ. ಇಲ್ಲದಿದ್ದರೆ ಪಕ್ಕದವರಿಗೆ ಚಿಮಣಿ ಗಿಡ್ಡ ಮಾಡಲು ಹೇಳಲಿ."

ಫೋನ್ ಇಟ್ಟೆ. ಟ್ರಾಮುಗಳು ಗಂಟೆ ಬಾರಿಸಿಕೊಂಡು ಹೋಗುತ್ತಿದ್ದವು. ಬ್ಯಾಂಕಿನ ಜನ, ಐಟಿ ಜನ, ಎಲ್ಲರೂ ಕೋಟಿನೊಳಗೆ ಕುತ್ತಿಗೆ ಎಳೆದುಕೊಂಡು ಮನೆಗೆ ಹೊರಟಿದ್ದರು. ನನಗೂ ಮಾರ್ಟ್‌ಗೇಜ್ ಇದೆ, ಮಗಳ ಫೀಸಿದೆ. ಈ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕುವುದು ತಮಾಷೆಯಲ್ಲ. ಆದರೆ ಆ ಹೆಂಗಸು ನಾಳೆ ನಸುಕಿನಲ್ಲಿ ಎದ್ದು ಮತ್ತೆ ಉದ್ದು ಅರೆಯುತ್ತಾರೆ. ಬಿಸಿಲನ್ನು ನಂಬಿ.

ಫೋನಿನಲ್ಲೇ ಇಮೇಲ್ ಬರೆದೆ. ಆಕೆಗೆ, ಮ್ಯಾನೇಜರಿಗೆ ಕಾಪಿ. "ನಿಮ್ಮ ಸೂರಿನ ಸರ್ವೇ ತಪ್ಪು. ವೈರಿಂಗ್ ತಪ್ಪು. ತಪ್ಪು ನಮ್ಮದು. ನಾವೇ ಸರಿ ಮಾಡಿಕೊಡುತ್ತೇವೆ. ಹೊಸ ವಸ್ತು ಏನನ್ನೂ ಕೊಳ್ಳಬೇಡಿ." ಕಳಿಸಿಬಿಟ್ಟೆ. ಸೇಲ್ಸ್ ಹುಡುಗ ಪಕ್ಕದಿಂದ ಇಣುಕಿ ಓದಿ, "ಮೇಡಂ, ಕೆಲಸ ಹೋಗುತ್ತೆ," ಎಂದ.

"ಯಾರದು?"

"ನಮ್ಮಿಬ್ಬರದೂ."

ಟ್ರಾಮ್ ಹತ್ತುವ ಮೊದಲೇ ಮ್ಯಾನೇಜರ್ ಮತ್ತೆ ಫೋನ್ ಮಾಡಿದ. ಆತ ಆಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸಾರಾಂಶ: ಬರೆದು ಆಯಿತು, ಈಗ ಬೇರೆ ದಾರಿಯಿಲ್ಲ, ಸರಿ ಮಾಡಿಸು, ಆಮೇಲೆ ನಿನ್ನ ವಿಷಯ ಮಾತಾಡೋಣ.

ಸರಿ ಮಾಡಿಸುವುದೂ ನೆಟ್ಟಗೆ ಆಗಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಕೈಹಾಕಬೇಕು, ಅವನ ಡೇಟ್ ಸಿಗಲು ಕಾಯಬೇಕಾಯಿತು. ಸಿಕ್ಕ ದಿನ ನಾನು ಮತ್ತೆ ಹಾರಿ ಬಂದೆ. ಅವನು ಸೂರು ಹತ್ತಿ ಕೇಬಲ್ ಕೂಡಿಸುವ ಒಂದು ಕನೆಕ್ಟರ್ ಬಿಚ್ಚಿ ನೋಡಿ ಕೆಳಗಿಳಿದುಬಿಟ್ಟ. ಗಂಡು ಮೂತಿ ಒಂದು ಕಂಪನಿಯದು, ಹೆಣ್ಣು ಮೂತಿ ಇನ್ನೊಂದರದು. ನೋಡಲು ಒಂದೇ ಥರ, ಕೂರುವುದೂ ಕೂರುತ್ತವೆ, ಆದರೆ ಒಳಗೆ ಸಡಿಲ. ಬಿಸಿಯಾಗಿ ಬೆಂಕಿ ಹತ್ತಬಹುದು. ಬೇರೆ ಬೇರೆ ಕಂಪನಿಯದನ್ನು ಜೋಡಿಸುವಂತೆಯೇ ಇಲ್ಲ.

"ಇದನ್ನು ಕಟ್ಟಿದವನಿಗೆ ನನ್ನ ನಮಸ್ಕಾರ ಹೇಳು," ಎಂದ. ಎಲ್ಲ ಮೂತಿಗಳನ್ನೂ ಕತ್ತರಿಸಿ ಹೊಸದು ಹಾಕಬೇಕು, ಅಷ್ಟು ಸಾಮಾನು ತಂದಿರಲಿಲ್ಲ. ಆ ದಿನವೂ ಹೋಯಿತು. ಆಕೆ ಏನೂ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಲೀಸಿನವರಿಗೆ ಎಂತ ಹೇಳಿದ್ರಿ ಅಕ್ಕಾರ?" ಎಂದು ಅವರ ಕನ್ನಡದಲ್ಲೇ ಕೇಳಿದೆ.

"ವಾರ ಕೊಡಿ ಅಂದೆ. ಒಂದೇ ವಾರ."

ಆ ವಾರದೊಳಗೆ ಸಾಮಾನು ಬಂತು, ಬಿಸಿಲೂ ಬಂತು. ಹಿಂದಿನ ರಾತ್ರಿ ನಾನು ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದ್ದೆ, ಯಾಕೆಂದರೆ ಚಳಿ ಹೆಚ್ಚಿದಷ್ಟೂ ಪ್ಯಾನೆಲಿನ ವೋಲ್ಟೇಜ್ ಏರುತ್ತದೆ. ಉದ್ದದ ಸರ ಮಂಜು ಬಿದ್ದ ಬೆಳಗ್ಗೆ ಇನ್ವರ್ಟರಿನ ಮಿತಿ ದಾಟಬಾರದು. ದಾಟಲಿಲ್ಲ. ಮುಂದಿನ ಸಾಲಿನ ಸರಕ್ಕೆ ಅದರ ಉಲ್ಟಾ ಚಿಂತೆ: ಮೆಟ್ಟಿಲು ತೀರಾ ಕಡಿಮೆಯಾದರೆ ಇನ್ವರ್ಟರ್ ಎಚ್ಚರವೇ ಆಗುವುದಿಲ್ಲ. ಸಾಕಷ್ಟಿತ್ತು. ಎಲೆಕ್ಟ್ರಿಷಿಯನ್ ಕೊನೆಗೆ ಆ ಎರಡನೆಯ ಬಾಗಿಲಿನ ರಬ್ಬರ್ ಮುಚ್ಚಳ ಕಿತ್ತು ನನ್ನ ಕೈಗಿಟ್ಟ. ಜೇಬಿಗೆ ಹಾಕಿಕೊಂಡೆ.

ಸ್ವಿಚ್ ಹಾಕಿದ ಮೇಲೆ ಮೂವರೂ ರಿಲೇ ಮುಂದೆ ನಿಂತೆವು. ಟಕ್ ಎಂದಿತು. ಹೀಟರ್ ಕೆಂಪಾಯಿತು. ನಾನು ಹೊರಗೆ ಹೋಗಿ ಏಣಿ ಹತ್ತಿ ಇಣುಕಿದೆ, ಚಿಮಣಿಯ ಬೆರಳು ಹಿಂದಿನ ಸಾಲಿನ ಒಂದು ಪ್ಯಾನೆಲ್ ಹತ್ತುತ್ತಿತ್ತು. ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಅದು ಇನ್ನೊಂದಕ್ಕೆ ದಾಟಿತು. ಆಗಲೂ ಕೇಳಿಸಲಿಲ್ಲ.

"ಅಕ್ಕಾರ, ಸಪ್ಪಳಾತೇನ್ರೀ?"

"ಇಲ್ಲ! ಬಾಯಿ ಮುಚ್ಚಿ ಕೂತಿದೆ!"

ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಫೋನ್ ಬಡಿಯಿತು. ಏಜ್ಡ್ ಕೇರಿನಲ್ಲಿ ಶಿಫ್ಟ್ ಪಟ್ಟಿ ಹಾಕುವವಳು. ಆಕೆ ಎದ್ದು ಬೆಚ್ಚನೆಯ ಕೋಣೆಯ ಬಾಗಿಲು ತೆರೆದು ಭರಣಿಯನ್ನು ನೋಡಿದರು. ಹಿಟ್ಟು ರಬ್ಬರ್ ಬ್ಯಾಂಡನ್ನು ಎಲ್ಲೋ ಕೆಳಗೆ ಬಿಟ್ಟು ಮುಚ್ಚಳಕ್ಕೆ ತಲೆ ಕೊಟ್ಟು ನಿಂತಿತ್ತು. "ನೋ ಡಾರ್ಲಿಂಗ್," ಎಂದರು ಫೋನಿಗೆ. "ಬೇರೆಯವರನ್ನು ನೋಡಿಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟರು. ಆಮೇಲೆ ನನಗೆ ಒಂದು ಡಬ್ಬಿ ಹಿಟ್ಟು ತುಂಬಿಕೊಟ್ಟರು. "ಮುಚ್ಚಳ ಗಟ್ಟಿ ಹಾಕ್ಬೇಡಿ ಆಯ್ತಾ. ಇದು ಇನ್ನೂ ಉಬ್ಬುತ್ತದೆ."

ನಾನು ಗಟ್ಟಿಯಾಗಿಯೇ ಹಾಕಿದೆ. ವಿಮಾನದಲ್ಲಿ ಚೆಲ್ಲಿದರೆ ಎಂಬ ಭಯ.

ಮರುದಿನ ಬೆಳಗ್ಗೆ ವಿಮಾನ ಇಳಿದವಳು ನೇರ ಮೆಟ್ರೋ ಹಿಡಿದು ಆಫೀಸಿಗೆ ಹೋದೆ. ಮ್ಯಾನೇಜರ್ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ, ರಿಪೋರ್ಟ್ ತೆಗೆದುಕೊಂಡು ಬಾ, ನಿನ್ನ ವಿಷಯವೂ ಮಾತಾಡುವುದಿದೆ ಎಂದು. ಈ ನಡುವೆ ಎಲ್ಲ ಸೇಲ್ಸಿನವರಿಗೂ ಒಂದು ಇಮೇಲ್ ಹೋಗಿತ್ತು: ಇನ್ನು ಮೇಲೆ ನಾಲ್ಕೂ ದಿಕ್ಕಿನ ಫೋಟೋ ಕಡ್ಡಾಯ. ಯಾಕೆ ಎಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಡಾಕ್‌ಲ್ಯಾಂಡ್ಸಿನ ನಮ್ಮ ಹುಡುಗ ಈಗ ಎಂಟು ದಿಕ್ಕಿನದು ಕಳಿಸುತ್ತಾನೆ, ಜೊತೆಗೆ ತನ್ನ ಹೆಬ್ಬೆರಳಿನದೂ.

ಬ್ಯಾಗ್ ತೆರೆದೆ. ಡಬ್ಬಿಯ ಮುಚ್ಚಳ ಹಾರಿಹೋಗಿತ್ತು. ಆಕೆ ಇನ್ನೂ ಕೊಂಡಾರು ಎಂದು ಮ್ಯಾನೇಜರ್ ಹೊರಡುವಾಗ ನನ್ನ ಕೈಗೆ ಕೊಟ್ಟು ಕಳಿಸಿದ್ದ ಆಪ್ಟಿಮೈಸರ್ ಬ್ರೋಷರುಗಳೆಲ್ಲ ಬೆಳ್ಳಗೆ ನೊರೆನೊರೆ. ಇಡೀ ಫ್ಲೋರಿಗೆ ಹುಳಿ ಪರಿಮಳ. ಐಟಿಯವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಮ್ಯಾನೇಜರ್ ಮೂಗು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ.

"ಏನಿದು?"

"ಡ್ಯಾಂಡಿನಾಂಗಿನ ರಿಪೋರ್ಟ್," ಎಂದೆ. "ಉಕ್ಕಿದೆ."